ಹುಲ್ಲಿನಲ್ಲಿ ಕೂತ ಕ್ರಿಸ್ಟೀನಾ: ಆಂಡ್ರೂ ವೈಯತ್ ಚಿತ್ರಗಳನ್ನು ನೋಡುವುದು ಹೇಗೆ?

ಒಣಗಿದ ಹುಲ್ಲಿನ ದೊಡ್ಡ ಬಯಲು. ಅದರಲ್ಲಿ ಒಬ್ಬಳು ಹೆಂಗಸು ನೆಲದ ಮೇಲೆ ಕೂತಿದ್ದಾಳೆ, ನಮಗೆ ಬೆನ್ನು ಹಾಕಿಕೊಂಡು. ಮಾಸಿದ ಗುಲಾಬಿ ಬಣ್ಣದ ಉಡುಪು, ಹಿಂದಕ್ಕೆ ಕಟ್ಟಿದ ಕಪ್ಪು ಕೂದಲು, ಗಾಳಿಗೆ ಬಿಚ್ಚಿಕೊಂಡ ಒಂದೆರಡು ಎಳೆ. ದೂರದ ದಿಬ್ಬದ ಮೇಲೆ ಬೂದು ಬಣ್ಣದ ಮರದ ಮನೆ, ಅದರಿಂದ ಸ್ವಲ್ಪ ಆಚೆ ಒಂದು ಕೊಟ್ಟಿಗೆ. ಆಕಾಶಕ್ಕೆ ಸಿಕ್ಕಿರುವುದು ಮೇಲಿನ ಒಂದು ಸಣ್ಣ ಪಟ್ಟಿ ಅಷ್ಟೇ. ಚಿತ್ರದ ಹೆಸರು 'ಕ್ರಿಸ್ಟೀನಾಸ್ ವರ್ಲ್ಡ್'. ಬಿಡಿಸಿದ್ದು 1948ರಲ್ಲಿ, ಬಿಡಿಸಿದವರು ಅಮೆರಿಕದ ಆಂಡ್ರೂ ವೈಯತ್.

ಮೊದಲ ಸಲ ನೋಡಿದವರಿಗೆ ಇದು ಯಾರನ್ನೋ ಕಾಯುತ್ತಿರುವ ಹುಡುಗಿಯ ಚಿತ್ರ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಕಣ್ಣು ಕೈಗಳ ಮೇಲೆ ಹೋಯಿತು. ಆ ಕೈಗಳನ್ನು ನೀವೂ ಸ್ವಲ್ಪ ಹೊತ್ತು ನೋಡಿ. ತುಂಬಾ ಸಣಕಲು. ಮೊಣಕೈ ಗಂಟು ಎದ್ದು ಕಾಣುತ್ತದೆ, ಬೆರಳುಗಳು ನೆಲವನ್ನು ಬಿಗಿಯಾಗಿ ಹಿಡಿದಿವೆ. ಸುಮ್ನೆ ಕೂತವರ ಕೈ ಹಾಗಿರುವುದಿಲ್ಲ, ಅಲ್ವಾ? ಇಡೀ ಮೈಯ ಭಾರ ಆ ಕೈಗಳ ಮೇಲಿದೆ. ಈಕೆ ಕೂತಿಲ್ಲ, ತೆವಳುತ್ತಿದ್ದಾಳೆ. ಆ ಮನೆ ಈಕೆಯದೇ, ಅಲ್ಲಿಗೇ ಹೋಗಬೇಕು. ಇಷ್ಟು ಗೊತ್ತಾದ ಮೇಲೆ ನಡುವಿನ ಹುಲ್ಲುಗಾವಲು ಇದ್ದಕ್ಕಿದ್ದ ಹಾಗೆ ಎಷ್ಟು ದೊಡ್ಡದಾಗಿಬಿಡುತ್ತದೆ ನೋಡಿ.

ಕ್ರಿಸ್ಟೀನಾ ಓಲ್ಸನ್ ನಿಜವಾಗಿ ಬದುಕಿದ್ದ ವ್ಯಕ್ತಿ. ಮೇನ್ ರಾಜ್ಯದ ಕುಶಿಂಗ್ ಎಂಬ ಕಡಲಂಚಿನ ಊರಲ್ಲಿ ತಮ್ಮ ಅಲ್ವಾರೋ ಜೊತೆ ಆ ಮನೆಯಲ್ಲಿದ್ದರು. ನರಗಳ ಕಾಯಿಲೆಯಿಂದ ಕಾಲುಗಳ ಶಕ್ತಿ ನಿಧಾನವಾಗಿ ಹೋಗಿತ್ತು. ಆದರೂ ಗಾಲಿಕುರ್ಚಿ ಬೇಡ ಅಂದರು. ಮನೆಯೊಳಗೂ ಹೊಲದಲ್ಲೂ ತೆವಳಿಕೊಂಡೇ ಓಡಾಡುತ್ತಿದ್ದರು. ಒಂದು ದಿನ ಹೀಗೆ ಬಯಲಲ್ಲಿ ತೆವಳುತ್ತಿದ್ದಾಗ ವೈಯತ್ ಆ ಮನೆಯ ಮಹಡಿ ಕಿಟಕಿಯಿಂದ ಅವರನ್ನು ನೋಡಿದರು. ಚಿತ್ರ ಹುಟ್ಟಿದ್ದು ಆ ನೋಟದಿಂದ. ಆಗ ಕ್ರಿಸ್ಟೀನಾಗೆ 55 ವರ್ಷ.

ಚಿತ್ರದಲ್ಲಿರುವ ಬೆನ್ನು ಮಾತ್ರ 55 ವರ್ಷದವರದ್ದಲ್ಲ. ಕೈ ಕಾಲುಗಳನ್ನು ಕ್ರಿಸ್ಟೀನಾರನ್ನು ನೋಡಿ ಬಿಡಿಸಿದ ವೈಯತ್, ಮೈಗೆ ತಮ್ಮ ಹೆಂಡತಿ ಬೆಟ್ಸಿಯನ್ನು ಕೂರಿಸಿಕೊಂಡರು. ಬೆಟ್ಸಿಗೆ ಆಗ ಇಪ್ಪತ್ತರ ಹರೆಯ. ಮನೆಯನ್ನೂ ಇದ್ದ ಹಾಗೆ ಬಿಡಲಿಲ್ಲ. ನಿಜದಲ್ಲಿ ಮನೆಗೂ ಕೊಟ್ಟಿಗೆಗೂ ಇದ್ದ ನಂಟನ್ನು ಬಿಡಿಸಿ ದೂರ ಮಾಡಿದರು, ನೆಲದ ಏರಿಳಿತ ಬದಲಿಸಿದರು. ಹೀಗಿದ್ದರೂ ಇವರನ್ನು ಎಲ್ಲರೂ ರಿಯಲಿಸ್ಟ್, ಅಂದರೆ ಇದ್ದದ್ದನ್ನು ಇದ್ದ ಹಾಗೇ ಬಿಡಿಸುವ ಕಲಾವಿದ ಅಂತಲೇ ಕರೆಯುತ್ತಾರೆ. ಇಲ್ಲೇ ಒಂದು ಗೊಂದಲ ಇದೆ, ಈ ಲೇಖನ ಬರೆಯಲು ಅದೇ ಕಾರಣ.

ಇಂಥ ಚಿತ್ರ ನೋಡಿದಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು 'ಫೋಟೋ ಥರಾನೇ ಇದೆ' ಅನ್ನುವುದು. ಹೊಗಳಿಕೆಯೇ, ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಆ ಮಾತು ಹೇಳಿದ ಕೂಡಲೇ ನಮ್ಮ ನೋಡುವ ಕೆಲಸ ಮುಗಿದುಹೋಗುತ್ತದೆ. ಕ್ಯಾಮೆರಾ ಮುಂದೆ ಇದ್ದದ್ದೆಲ್ಲ ಫೋಟೋದಲ್ಲಿ ಬೀಳುತ್ತದೆ. ವೈಯತ್ ಚಿತ್ರದಲ್ಲಿ ಒಂದೊಂದು ಹುಲ್ಲಿನ ಕಡ್ಡಿಯನ್ನೂ ಯಾರೋ ಒಬ್ಬರು ಇರಲಿ ಅಂತ ತೀರ್ಮಾನ ಮಾಡಿ ಇಟ್ಟಿದ್ದಾರೆ. ಬೇಡ ಅನ್ನಿಸಿದ್ದನ್ನು ತೆಗೆದುಹಾಕಿದ್ದಾರೆ. ನನಗೆ ಅವರ ಚಿತ್ರಗಳು ನಿಜವಾಗಿ ಅರ್ಥ ಆಗತೊಡಗಿದ್ದು, ಇಲ್ಲಿಂದ ಏನನ್ನು ತೆಗೆದಿದ್ದಾರೆ ಅಂತ ಕೇಳಿಕೊಳ್ಳಲು ಶುರು ಮಾಡಿದ ಮೇಲೆ.

ಸ್ವಲ್ಪ ಹಿನ್ನೆಲೆ. ವೈಯತ್ ಹುಟ್ಟಿದ್ದು 1917ರಲ್ಲಿ, ಪೆನ್ಸಿಲ್ವೇನಿಯಾದ ಚ್ಯಾಡ್ಸ್ ಫೋರ್ಡ್ ಎಂಬ ಹಳ್ಳಿಯಲ್ಲಿ. ತಂದೆ ಎನ್. ಸಿ. ವೈಯತ್ ಆ ಕಾಲದ ದೊಡ್ಡ ಹೆಸರು, ಪುಸ್ತಕಗಳಿಗೆ ಚಿತ್ರ ಬರೆಯುವವರು. 'ಟ್ರೆಷರ್ ಐಲ್ಯಾಂಡ್' ಕಾದಂಬರಿಗೆ 1911ರಲ್ಲಿ ಅವರು ಮಾಡಿದ ಕಡಲ್ಗಳ್ಳರ ಚಿತ್ರಗಳು ಇಂದಿಗೂ ಪ್ರಸಿದ್ಧ. ಆಂಡ್ರೂ ಆರೋಗ್ಯ ಚಿಕ್ಕಂದಿನಲ್ಲಿ ಅಷ್ಟಕ್ಕಷ್ಟೇ. ಹಾಗಾಗಿ ಶಾಲೆಗೆ ಕಳಿಸದೆ ಮನೆಯಲ್ಲೇ ಪಾಠ ಆಯಿತು, ಚಿತ್ರಕಲೆಗೆ ಅಪ್ಪನೇ ಗುರು. 1937ರಲ್ಲಿ ನ್ಯೂಯಾರ್ಕಿನ ಮ್ಯಾಕ್‌ಬೆತ್ ಗ್ಯಾಲರಿಯಲ್ಲಿ ಜಲವರ್ಣ ಚಿತ್ರಗಳ ಮೊದಲ ಪ್ರದರ್ಶನ ನಡೆದಾಗ ಎಲ್ಲವೂ ಮಾರಾಟವಾದವು. ಹುಡುಗನಿಗೆ ಆಗ ಬರೀ 20 ವರ್ಷ. ಚಳಿಗಾಲ ಚ್ಯಾಡ್ಸ್ ಫೋರ್ಡ್‌ನಲ್ಲಿ, ಬೇಸಿಗೆ ಮೇನ್‌ನಲ್ಲಿ. ಮುಂದೆ ತೊಂಬತ್ತು ದಾಟುವವರೆಗೂ ಅವರು ಬಿಡಿಸಿದ್ದು ಹೆಚ್ಚುಕಮ್ಮಿ ಈ ಎರಡೇ ಜಾಗ. ಅದೇ ಗುಡ್ಡ, ಅದೇ ನಾಲ್ಕಾರು ಮನೆ, ಅದೇ ಜನ.

ಈಗ ಸಾಮಗ್ರಿಗೆ ಬರೋಣ, ಯಾಕೆಂದರೆ ಅದು ಗೊತ್ತಿಲ್ಲದೆ ಆ ಹುಲ್ಲು ಗೊತ್ತಾಗುವುದಿಲ್ಲ. ವೈಯತ್ ಅವರ ದೊಡ್ಡ ಚಿತ್ರಗಳೆಲ್ಲ ತೈಲವರ್ಣ ಅಲ್ಲ, ಎಗ್ ಟೆಂಪೆರಾ. ಅಂದರೆ ಬಣ್ಣವನ್ನು ಹಿಡಿದಿಡುವ ಅಂಟು ಮೊಟ್ಟೆಯ ಹಳದಿ. ಬಿಳಿ ಭಾಗ ಬೇರೆ ಮಾಡಿ, ಹಳದಿಯ ಸುತ್ತ ಇರುವ ತೆಳು ಪೊರೆಯನ್ನು ಚುಚ್ಚಿ, ಒಳಗಿನ ರಸವನ್ನಷ್ಟೇ ತೆಗೆದುಕೊಳ್ಳಬೇಕು. ಅದಕ್ಕೆ ನೀರು ಮತ್ತು ಒಣ ಬಣ್ಣದ ಪುಡಿ ಸೇರಿಸಿ ಕಲಸಬೇಕು. ಇಟಲಿಯಲ್ಲಿ ತೈಲವರ್ಣ ಬರುವ ಮೊದಲು ಶತಮಾನಗಟ್ಟಲೆ ಹಲಗೆ ಚಿತ್ರಗಳನ್ನು ಮಾಡಿದ್ದು ಹೀಗೇ. ವೈಯತ್‌ಗೆ ಇದನ್ನು ಹೇಳಿಕೊಟ್ಟವರು ಅವರ ಅಕ್ಕನ ಗಂಡ ಪೀಟರ್ ಹರ್ಡ್. ಅವರೂ ಕಲಾವಿದರು.

ಹಲಗೆಯ ಮೇಲೆ ಮೊದಲು ಗೆಸ್ಸೋ ಬಳಿಯಬೇಕು. ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕು ಅಂಟಿಸುವ ಉಬ್ಬು ಕೆಲಸಕ್ಕೂ ಗೆಸ್ಸೋ ಅನ್ನುವುದನ್ನು ನೀವು ಕೇಳಿರಬಹುದು. ಇಲ್ಲಿಯದರ ಮಿಶ್ರಣ ಬೇರೆ, ಕೆಲಸವೂ ಬೇರೆ. ಸೀಮೆಸುಣ್ಣದಂಥ ಬಿಳಿ ಪುಡಿಯನ್ನು ಸರೇಸಿನಂಥ ಅಂಟಿನಲ್ಲಿ ಕಲಸಿ, ಪದರ ಪದರವಾಗಿ ಬಳಿದು, ಉಜ್ಜಿ ನುಣುಪು ಮಾಡುತ್ತಾರೆ. ಈ ಬಿಳಿ ತಳ ಮುಖ್ಯ. ಮೇಲೆ ಬರುವ ಬಣ್ಣದ ಪದರಗಳು ತುಂಬಾ ತೆಳು, ಅವುಗಳ ಮೂಲಕ ಈ ಬಿಳುಪು ಒಳಗಿನಿಂದ ಬೆಳಕು ಕೊಡುತ್ತಿರುತ್ತದೆ.

ಟೆಂಪೆರಾದ ದೊಡ್ಡ ಕಷ್ಟ ಏನೆಂದರೆ ಅದು ಹಚ್ಚಿದ ಕೂಡಲೇ ಒಣಗುತ್ತದೆ. ತೈಲವರ್ಣ ದಿನಗಟ್ಟಲೆ ಹಸಿ ಇರುವುದರಿಂದ ಒಂದು ಬಣ್ಣವನ್ನು ಇನ್ನೊಂದರೊಳಗೆ ತಿದ್ದಿ ಬೆರೆಸಬಹುದು. ಟೆಂಪೆರಾದಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಬೆಳಕಿನಿಂದ ನೆರಳಿಗೆ ಹೋಗಬೇಕಾದರೆ ಸಣ್ಣ ಕುಂಚದಿಂದ ಗೆರೆ ಪಕ್ಕ ಗೆರೆ, ಅದರ ಮೇಲೆ ಅಡ್ಡ ಗೆರೆ, ಆಮೇಲೆ ಒಂದು ತೆಳು ಬಣ್ಣದ ನೀರು, ಅದರ ಮೇಲೆ ಮತ್ತೆ ಗೆರೆ, ಹೀಗೆ ಸಾವಿರಾರು ಗೀರುಗಳನ್ನು ನೇಯ್ದುಕೊಂಡು ಹೋಗಬೇಕು, ಒಂದು ಚಿತ್ರ ಮುಗಿಯಲು ತಿಂಗಳುಗಳು ಬೇಕು. ಕ್ರಿಸ್ಟೀನಾಳ ಬಯಲಲ್ಲಿ ಹುಲ್ಲು ಅಂತ ನಮಗೆ ಕಾಣುವುದು ಈ ನೇಯ್ಗೆಯೇ. ಹುಲ್ಲಿನ ಸ್ವಭಾವವೂ ಕುಂಚದ ಸ್ವಭಾವವೂ ಇಲ್ಲಿ ಒಂದೇ ಆಗಿವೆ. ಒಂದು ಎಳೆ, ಒಂದು ಗೀರು. ಆ ಬಯಲನ್ನು ಕ್ರಿಸ್ಟೀನಾ ಅಂಗುಲ ಅಂಗುಲವಾಗಿ ದಾಟಿದರು, ವೈಯತ್ ಅದನ್ನು ಅಂಗುಲ ಅಂಗುಲವಾಗಿ ಬರೆದರು. ನನ್ನ ಮಟ್ಟಿಗೆ ಆ ಚಿತ್ರದ ಹೆಚ್ಚುಗಾರಿಕೆ ಇರುವುದು ಇದರಲ್ಲೇ: ಚಿತ್ರದೊಳಗೆ ಕಾಣುವ ಆಕೆಯ ಶ್ರಮಕ್ಕೆ ಚಿತ್ರ ಬರೆದವರ ಶ್ರಮ ಸಾಟಿಯಾಗಿ ನಿಂತಿದೆ.

ಟೆಂಪೆರಾಗೆ ಹೊಳಪು ಇರುವುದಿಲ್ಲ. ಒಣ ಮಣ್ಣಿನ ಹಾಗೆ, ಸುಣ್ಣದ ಗೋಡೆಯ ಹಾಗೆ ಮಂಕಾಗಿರುತ್ತದೆ. ಮಗ ಇಂಥ ಮಂಕು ಬಣ್ಣಕ್ಕೆ ಹೋಗಿದ್ದು ಬಣ್ಣ ಚೆಲ್ಲಿ ಬರೆಯುತ್ತಿದ್ದ ಅಪ್ಪನಿಗೆ ಹಿಡಿಸಲಿಲ್ಲ. ಆದರೆ ವೈಯತ್‌ಗೆ ಬೇಕಿದ್ದದ್ದೇ ಆ ಒಣಗಿದ ಗುಣ. ಚಳಿಗಾಲದ ಗುಡ್ಡ, ಎಲೆ ಉದುರಿದ ಮರ, ಬಣ್ಣ ಕಾಣದೆ ಬೂದಾದ ಮರದ ಹಲಗೆ, ಇವೆಲ್ಲ ಮಿರಮಿರ ಮಿಂಚಿದರೆ ಸುಳ್ಳಾಗುತ್ತವೆ.

ಟೆಂಪೆರಾ ಅಷ್ಟೇ ಅಲ್ಲ, ಅವರು ಜಲವರ್ಣವನ್ನೂ ಬಿಡಲಿಲ್ಲ. ಅದರಲ್ಲಿ ಅವರ ಕೈ ತುಂಬಾ ಬೀಸು, ಕೆಲವು ಹಾಳೆಗಳಲ್ಲಿ ಬಣ್ಣ ಸಿಡಿದಿರುತ್ತದೆ, ಹರಿದಿರುತ್ತದೆ. ಇವೆರಡರ ನಡುವೆ ಡ್ರೈ ಬ್ರಷ್ ಅಂತ ಇನ್ನೊಂದು ವಿಧಾನ. ಜಲವರ್ಣದಲ್ಲಿ ಅದ್ದಿದ ಕುಂಚವನ್ನು ಬೆರಳಲ್ಲಿ ಹಿಂಡಿ, ನೀರೆಲ್ಲ ತೆಗೆದು, ಕೆದರಿದ ಕೂದಲಲ್ಲಿ ಉಳಿದ ಚೂರು ಬಣ್ಣದಿಂದ ಗೀರುವುದು. ನಾಯಿಯ ಮೈಕೂದಲು, ಉಣ್ಣೆ ಬಟ್ಟೆ, ಮರದ ತೊಗಟೆ ಇದಕ್ಕೆ ಚೆನ್ನಾಗಿ ಒಗ್ಗುತ್ತವೆ. ಜರ್ಮನಿಯ ಹಳೆಯ ಕಲಾವಿದ ಡ್ಯೂರರ್ ಕೆಲಸ ಅವರಿಗೆ ಇದರಲ್ಲಿ ದೊಡ್ಡ ದಾರಿದೀಪ.

1945ರ ಅಕ್ಟೋಬರ್‌ನಲ್ಲಿ ಅವರ ಬದುಕು ಎರಡಾಯಿತು. ಊರ ಹತ್ತಿರದ ರೈಲ್ವೆ ಕ್ರಾಸಿಂಗ್‌ನಲ್ಲಿ ತಂದೆಯ ಕಾರಿಗೆ ರೈಲು ಬಡಿಯಿತು. ತಂದೆಯೂ ಹೋದರು, ಜೊತೆಗಿದ್ದ ಪುಟ್ಟ ಮೊಮ್ಮಗನೂ ಹೋದ. ಅಪ್ಪನ ಒಂದು ಚಿತ್ರವನ್ನೂ ತಾನು ಬರೆದಿರಲಿಲ್ಲ ಅನ್ನುವುದು ವೈಯತ್‌ರನ್ನು ಕೊನೆಯವರೆಗೂ ಕೊರೆಯಿತು. ಮುಂದಿನ ವರ್ಷ 'ವಿಂಟರ್ 1946' ಬಂತು. ಕಂದುಬಣ್ಣದ ದೊಡ್ಡ ಗುಡ್ಡ, ಅದರ ಇಳಿಜಾರಿನಲ್ಲಿ ಓಡಿಬರುತ್ತಿರುವ ಒಬ್ಬ ಹುಡುಗ. ಕಾಲು ತನ್ನ ಹಿಡಿತದಲ್ಲಿಲ್ಲದವನ ಓಟ ಅದು, ಮುಗ್ಗರಿಸುವ ಹಾಗಿದ್ದಾನೆ. ಒಂದು ಕೈ ಗಾಳಿಯಲ್ಲಿ ಏನನ್ನೋ ತಡಕಾಡುತ್ತಿದೆ. ಆ ಗುಡ್ಡದ ಆಚೆ ಬದಿಯಲ್ಲೇ ರೈಲು ಹಳಿ ಇರುವುದು. ಆದರೆ ಚಿತ್ರದಲ್ಲಿ ಹಳಿ ಇಲ್ಲ, ಕಾರಿಲ್ಲ, ಅಪ್ಪ ಇಲ್ಲ. ಆ ಗುಡ್ಡವೇ ತನ್ನ ಪಾಲಿಗೆ ಅಪ್ಪನ ಭಾವಚಿತ್ರ ಆಯಿತು ಅಂತ ಅವರು ಮುಂದೆ ಹೇಳಿದ್ದಾರೆ. ಈ ಸಂಗತಿ ತಿಳಿದುಕೊಂಡು ಮತ್ತೆ ನೋಡಿ. ಗುಡ್ಡ ಯಾಕೆ ಚಿತ್ರದ ಬಹುಪಾಲು ಜಾಗವನ್ನು ತುಂಬಿಕೊಂಡಿದೆ, ಹುಡುಗ ಯಾಕೆ ಅಷ್ಟು ಚಿಕ್ಕವನಾಗಿದ್ದಾನೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ತೆಗೆಯುವುದು ಅಂತ ನಾನು ಹೇಳಿದೆನಲ್ಲ, ಅದಕ್ಕೆ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ 1959ರ 'ಗ್ರೌಂಡ್‌ಹಾಗ್ ಡೇ'. ಈಗ ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದಲ್ಲಿದೆ. ಇದೇ ಗುಡ್ಡದ ಕೆಳಗೆ ಕಾರ್ಲ್ ಕರ್ನರ್ ಎಂಬ ಜರ್ಮನ್ ರೈತನ ಮನೆ ಇತ್ತು, ಮೊದಲ ಮಹಾಯುದ್ಧದಲ್ಲಿ ಮೆಷಿನ್ ಗನ್ ಹಿಡಿದಿದ್ದ ಮನುಷ್ಯ. ಆ ಮನೆಯ ಅಡುಗೆಕೋಣೆ ಇದು. ಬಿಳಿ ಮೇಜುಬಟ್ಟೆ, ಒಂದು ತಟ್ಟೆ, ಒಂದು ಕಪ್ ಮತ್ತು ಸಾಸರ್, ಒಂದು ಚಾಕು. ಹೂವಿನ ಗೋಡೆಕಾಗದದ ಮೇಲೆ ಫೆಬ್ರುವರಿಯ ಬಿಸಿಲು. ಕಿಟಕಿಯ ಆಚೆ ಕಡಿದು ಬೀಳಿಸಿದ ಮರದ ದಿಮ್ಮಿ, ಅದರ ತುದಿ ಸೀಳಿ ಚೂಪುಚೂಪಾಗಿದೆ. ಫೆಬ್ರುವರಿ 2ರಂದು ಬಿಲದಿಂದ ಹೊರಬರುವ ಗ್ರೌಂಡ್‌ಹಾಗ್ ಎಂಬ ಪ್ರಾಣಿ ತನ್ನ ನೆರಳು ನೋಡಿದರೆ ಚಳಿಗಾಲ ಇನ್ನೂ ಆರು ವಾರ ಇರುತ್ತದೆ ಅನ್ನುವುದು ಪೆನ್ಸಿಲ್ವೇನಿಯಾದ ಜನರ ನಂಬಿಕೆ. ಚಿತ್ರದ ಹೆಸರು ಅದರಿಂದ ಬಂದದ್ದು.

ಶಾಂತವಾದ, ಹಿತವಾದ ಚಿತ್ರ ಅನ್ನಿಸುತ್ತದೆ ಮೊದಲಿಗೆ. ಆದರೆ ವೈಯತ್ ಮಾಡಿಕೊಂಡಿದ್ದ ಪೆನ್ಸಿಲ್ ಮತ್ತು ಜಲವರ್ಣದ ತಯಾರಿ ಚಿತ್ರಗಳಲ್ಲಿ ಬೇರೆಯೇ ಕಥೆ ಇದೆ. ಶುರುವಿನಲ್ಲಿ ಅಲ್ಲಿ ಕರ್ನರ್ ಹೆಂಡತಿ ಆನಾ ಇದ್ದರು. ಮನೆಯ ನಾಯಿ ನೆಲ್ಲಿ ಕಿಟಕಿಯ ಕೆಳಗೆ ಮಲಗಿತ್ತು, ಒರಟು ಸ್ವಭಾವದ ಕಾವಲು ನಾಯಿ. ವೈಯತ್ ಮೊದಲು ಆನಾರನ್ನು ತೆಗೆದರು. ಆಮೇಲೆ ನಾಯಿಯನ್ನೂ ತೆಗೆದರು. ನಾಯಿ ಹೋಯಿತು, ಅದರ ಹಲ್ಲು ಹೋಗಲಿಲ್ಲ. ಕಿಟಕಿಯಾಚೆಯ ದಿಮ್ಮಿಯ ಆ ಸೀಳಿದ ತುದಿ ನೋಡಿ, ಬಾಯಿ ತೆರೆದು ಗುರ್ರೆನ್ನುವ ನಾಯಿಯ ಕೋರೆಹಲ್ಲೇ ಅದು. ಮೇಜಿನ ಮೇಲೆ ಫೋರ್ಕ್ ಇಲ್ಲ, ಚಮಚ ಇಲ್ಲ, ಚಾಕು ಒಂದೇ. ಕಾರ್ಲ್ ಊಟ ಮಾಡುತ್ತಿದ್ದದ್ದು ಹಾಗೆ. ಒಬ್ಬ ಮನುಷ್ಯನೂ ಇಲ್ಲದ ಈ ಕೋಣೆಯಲ್ಲಿ ಮನೆಯ ಯಜಮಾನ ಇದ್ದಾನೆ, ಅವನ ಗಡಸುತನ ಇದೆ, ಆ ಬಿಸಿಲಲ್ಲೂ ಒಂದು ಸಣ್ಣ ಹೆದರಿಕೆ ಇದೆ. ಫೋಟೋ ಥರ ಇದೆ ಅಂತ ಮುಂದೆ ಹೋಗಿದ್ದರೆ ಇದೆಲ್ಲ ಸಿಗುತ್ತಿರಲಿಲ್ಲ.

ಈಗ ವಿಮರ್ಶಕರ ಜಗಳ. 'ಕ್ರಿಸ್ಟೀನಾಸ್ ವರ್ಲ್ಡ್' ಬಗ್ಗೆ ವೈಯತ್‌ಗೇ ಅಷ್ಟಾಗಿ ನಂಬಿಕೆ ಇರಲಿಲ್ಲ, ಸೋತ ಚಿತ್ರ ಅಂದುಕೊಂಡೇ ಗ್ಯಾಲರಿಗೆ ಕಳಿಸಿದ್ದರು. ಸ್ವಲ್ಪ ದಿನಗಳಲ್ಲೇ ಅದನ್ನು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 1,800 ಡಾಲರ್‌ಗೆ ಕೊಂಡಿತು. ಅದೇ ಹೊತ್ತಿಗೆ ಅದೇ ಊರಲ್ಲಿ ಜಾಕ್ಸನ್ ಪೊಲಾಕ್ ನೆಲದ ಮೇಲೆ ಕ್ಯಾನ್ವಾಸ್ ಹಾಸಿ ಬಣ್ಣ ಸುರಿದು ಮಾಡಿದ ಚಿತ್ರಗಳ ಮಾತು ಶುರುವಾಗಿತ್ತು. ಮುಂದಿನ ಕಾಲ ಆ ಅಮೂರ್ತ ಕಲೆಯದು. ಜನ ವೈಯತ್‌ರನ್ನು ತುಂಬಾ ಹಚ್ಚಿಕೊಂಡರು, 1963ರಲ್ಲಿ ಪ್ರೆಸಿಡೆನ್ಶಿಯಲ್ ಮೆಡಲ್ ಆಫ್ ಫ್ರೀಡಂ ಬಂತು, ಆ ಗೌರವ ಒಬ್ಬ ಚಿತ್ರಕಾರನಿಗೆ ಸಿಕ್ಕಿದ್ದು ಅದೇ ಮೊದಲು. ಆದರೆ ಅನೇಕ ವಿಮರ್ಶಕರು ಅವರನ್ನು ಹಳೇಕಾಲದವರು, ಕಥೆ ಹೇಳುವ ಇಲಸ್ಟ್ರೇಟರ್ ಅಷ್ಟೇ, ಹಳ್ಳಿಯ ಬಗ್ಗೆ ಮರುಗುವವರು ಅಂತ ಪಕ್ಕಕ್ಕೆ ತಳ್ಳಿದರು.

ನನಗೆ ಆ ಟೀಕೆ ಪೂರ್ತಿ ಸುಳ್ಳು ಅನ್ನಿಸುವುದಿಲ್ಲ. ಅವರ ಕೆಲವು ಚಿತ್ರಗಳು ನಮ್ಮ ಮನಸ್ಸನ್ನು ಕರಗಿಸಲು ಜಾಸ್ತಿ ಪ್ರಯತ್ನ ಪಡುತ್ತವೆ. ಹೆಲ್ಗಾ ಎಂಬ ನೆರೆಯ ಹೆಂಗಸನ್ನು 1971ರಿಂದ 1985ರವರೆಗೆ ಹೆಚ್ಚುಕಮ್ಮಿ ಗುಟ್ಟಾಗಿ ಬಿಡಿಸಿದ 240ಕ್ಕೂ ಹೆಚ್ಚು ಕೃತಿಗಳು 1986ರಲ್ಲಿ ಹೊರಬಂದಾಗಲಂತೂ ಪತ್ರಿಕೆಗಳಲ್ಲಿ ಚಿತ್ರಕ್ಕಿಂತ ಗುಟ್ಟಿನ ಮಾತೇ ದೊಡ್ಡದಾಯಿತು. ಅಷ್ಟು ಗದ್ದಲದಲ್ಲಿ ಅವುಗಳಲ್ಲಿದ್ದ ಅದ್ಭುತ ಡ್ರೈ ಬ್ರಷ್ ಕೆಲಸವನ್ನು ನೆಟ್ಟಗೆ ನೋಡಿದವರು ಕಡಿಮೆ.

ಆದರೆ ಅಮೂರ್ತ ಕಲೆಗೆ ಇವರು ಬೆನ್ನು ತಿರುಗಿಸಿದ್ದರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ತನ್ನ ಚಿತ್ರಗಳ ಅಮೂರ್ತ ಗುಣವನ್ನು ಜನ ಗಮನಿಸುವುದಿಲ್ಲ ಅಂತ ವೈಯತ್ ಅವರೇ ಹೇಳುತ್ತಿದ್ದರು. ಒಂದು ಕೆಲಸ ಮಾಡಿ. 'ಕ್ರಿಸ್ಟೀನಾಸ್ ವರ್ಲ್ಡ್' ಚಿತ್ರವನ್ನು ಪರದೆ ಮೇಲೆ ತೆರೆದು, ಒಂದು ಬೆರಳಿನಿಂದ ಮನೆಯನ್ನು, ಇನ್ನೊಂದರಿಂದ ಕ್ರಿಸ್ಟೀನಾಳನ್ನು ಮುಚ್ಚಿ. ಉಳಿಯುವುದು ಅಂಚಿನಿಂದ ಅಂಚಿಗೆ ಹರಡಿದ ಕಂದು, ಹಳದಿ, ಹಸಿರು ಗೀರುಗಳ ಒಂದು ದೊಡ್ಡ ಹರವು. ಅದಕ್ಕೆ ಕೇಂದ್ರ ಇಲ್ಲ, ಕಥೆ ಇಲ್ಲ. ಈಗ ಬೆರಳು ತೆಗೆಯಿರಿ. ಕೆಳಗೆ ಎಡಕ್ಕೆ ಆಕೆ, ಮೇಲೆ ಬಲಕ್ಕೆ ಮನೆ, ಎರಡರ ನಡುವೆ ಓರೆಯಾಗಿ ಒಂದು ಎಳೆತ ಹುಟ್ಟಿಕೊಳ್ಳುತ್ತದೆ. ಆಕೆಯ ಮೈಯೆಲ್ಲ ಆ ದಿಕ್ಕಿಗೇ ವಾಲಿದೆ. ಮುಖ ತೋರಿಸಿದ್ದರೆ ನಾವು ಮುಖದಲ್ಲೇ ನಿಂತುಬಿಡುತ್ತಿದ್ದೆವು, ಅಳುತ್ತಿದ್ದಾಳಾ, ನೋವಾ ಅಂತ ಹುಡುಕುತ್ತಿದ್ದೆವು. ಮುಖ ಇಲ್ಲದ್ದರಿಂದ ಆಕೆ ನೋಡುವುದನ್ನೇ ನಾವೂ ನೋಡಬೇಕಾಗಿದೆ. ಪಾಪ ಅನ್ನುವ ಕನಿಕರಕ್ಕೆ ಅಲ್ಲಿ ಜಾಗವೇ ಇಲ್ಲ, ಅದು ನನಗೆ ಬಹಳ ಇಷ್ಟ.

ಚಿತ್ರ ನಿಜದಲ್ಲಿ ಸುಮಾರು 82 ಸೆಂ.ಮೀ. ಎತ್ತರ, 121 ಸೆಂ.ಮೀ. ಅಗಲ ಇದೆ. ಮೊಬೈಲಿನಲ್ಲಿ ಅಂಗೈಯಷ್ಟಾಗಿ ಕಂಡರೆ ಹುಲ್ಲು ಬರೀ ಒಂದು ಬಣ್ಣವಾಗಿಬಿಡುತ್ತದೆ. ಆದ್ದರಿಂದ ಸಾಧ್ಯವಾದರೆ ದೊಡ್ಡ ಪರದೆಯಲ್ಲಿ ತೆರೆದು, ಒಂದು ಮೂಲೆಯಿಂದ ಶುರು ಮಾಡಿ ನಿಧಾನಕ್ಕೆ ಸರಿಸಿಕೊಂಡು ಹೋಗಿ. ಇದನ್ನು ನೋಡಿದ ಮೇಲೆ 1947ರ 'ವಿಂಡ್ ಫ್ರಮ್ ದ ಸೀ' ನೋಡಿ. ಓಲ್ಸನ್ ಮನೆಯ ಮೇಲಿನ ಕೋಣೆ, ಬಹಳ ಕಾಲ ತೆರೆಯದ ಕಿಟಕಿಯನ್ನು ಸೆಕೆಯ ದಿನ ತೆರೆದಾಗ ಕಡಲ ಗಾಳಿಗೆ ಹರಿದ ಲೇಸಿನ ಪರದೆ ಒಳಗೆ ಹಾರಿದ ಒಂದು ಕ್ಷಣ. ಅಷ್ಟು ಹಗುರವಾದ ಪರದೆಯನ್ನು ಅಷ್ಟು ನಿಧಾನದ ಟೆಂಪೆರಾದಲ್ಲಿ ಹಿಡಿದಿದ್ದಾರೆ.

1967ರ ಕ್ರಿಸ್‌ಮಸ್ ಹೊತ್ತಿಗೆ ಅಲ್ವಾರೋ ತೀರಿಕೊಂಡರು. ಅಕ್ಕನನ್ನು ನೋಡಿಕೊಳ್ಳಲು ಕಡಲಿನ ಕೆಲಸ ಬಿಟ್ಟು ಹೊಲ ಹಿಡಿದಿದ್ದ ಮನುಷ್ಯ. ಒಂದೇ ತಿಂಗಳಲ್ಲಿ, 1968ರ ಜನವರಿಯಲ್ಲಿ, ಕ್ರಿಸ್ಟೀನಾ ಕೂಡ ಹೋದರು. ವೈಯತ್ ಆ ವರ್ಷ ಖಾಲಿ ಮನೆಗೆ ಬಂದು ಒಂದು ಜಲವರ್ಣ ಚಿತ್ರ ಮಾಡಿದರು. ಹೆಸರು 'ಅಲ್ವಾರೋ ಆ್ಯಂಡ್ ಕ್ರಿಸ್ಟೀನಾ'. ಅದರಲ್ಲಿ ಅಲ್ವಾರೋ ಇಲ್ಲ, ಕ್ರಿಸ್ಟೀನಾ ಇಲ್ಲ. ಬಾಗಿಲುಗಳಿವೆ, ಅವರು ದಿನಾ ಮುಟ್ಟಿದ ಬಕೆಟ್ಟು, ಬುಟ್ಟಿ ಇವೆ. ನೀಲಿ ಬಾಗಿಲಿನ ಮೇಲೆ, ಒಳಗೆ ಬರಲು ನಾಯಿ ಕೆರೆದ ಉಗುರಿನ ಗೀರುಗಳಿವೆ.